ಲಾಟೀನು ಗಾಜಿಗೆ ಹೊಂದುವ ಕೈ

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಮಳವಳ್ಳಿಯ ನಮ್ಮ ಜಗಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಲಾಟೀನಿನ ಗಾಜು ಉಜ್ಜುವ ಕೆಲಸ ನನ್ನದಾಗಿತ್ತು. ಒಲೆಯ ಬೂದಿಯನ್ನು ಹಳೆಯ ಪಂಚೆಯಲ್ಲಿ ಸೋಸಿ, ಆ ನುಣ್ಣನೆಯ ಪುಡಿಯನ್ನು ಚಿಂದಿಬಟ್ಟೆಗೆ ಹಚ್ಚಿಕೊಂಡು, ಗಾಜಿನೊಳಗೆ ಕೈ ತೂರಿಸಿ ಮಸಿ ತೆಗೆಯಬೇಕು. ಅಷ್ಟು ಸಣ್ಣ ಕೈ ಮನೆಯಲ್ಲಿ ನನಗೊಬ್ಬಳಿಗೇ ಇದೆಯೆಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ದಿನ ಅವಳು ಗಾಜನ್ನು, ಆಗಷ್ಟೇ ಕೆಲಸಕ್ಕೆ ಒದಗುವಷ್ಟು ದೊಡ್ಡವಳಾಗಿದ್ದ ನನ್ನ ತಂಗಿ ಪುಟ್ಟಿಯ ಮಡಿಲಿಗಿಟ್ಟಳು. "ನೀನು ಬುಡು ಕಣವ್ವ, ನಿನ್ ಕೈ ಬೆಳ್ದದೆ. ಈ ಯುದ್ದದ ಕಾಲ್ದಲ್ಲಿ ಒಡ್ದೋದ್ರೆ ಇನ್ನೊಂದು ಮದ್ದೂರಲ್ಲೂ ಸಿಕ್ಕಾಕಿಲ್ಲ."

ಪುಟ್ಟಿಯ ಕೈ ಗಾಜಿನೊಳಗೆ ಸಲೀಸಾಗಿ ತಿರುಗಿತು. "ನೋಡು, ಕನ್ನಡಿ ಆಗೋಯ್ತು" ಎಂದು ಅಜ್ಜಿ ಅವಳ ತಲೆ ಸವರಿ ಹಿತ್ತಲಿಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಗಾಜು ಕಿತ್ತುಕೊಂಡು ಕೈ ತೂರಿಸಿದೆ. ಒಳಗೆ ಹೋದ ಕೈ ಹೊರಗೆ ಬರಲಿಲ್ಲ.

ಪುಟ್ಟಿ ಅಜ್ಜಿಯನ್ನು ಕೂಗಲಿಲ್ಲ. ಅಡುಗೆಮನೆಯಿಂದ ಹರಳೆಣ್ಣೆ ತಂದು ನನ್ನ ಮಣಿಕಟ್ಟಿಗೆ ಸುರಿದು, ಮೆಲ್ಲಗೆ ಗಾಜು ಎಳೆದು ಕೈ ಬಿಡಿಸಿದಳು. ಗಾಜು ಒಡೆಯಲಿಲ್ಲ, ಆದರೆ ಜಿಡ್ಡಾಯಿತು.

"ಯಾರು ಎಣ್ಣೆ ಬಳ್ದೋರು?" ಅಜ್ಜಿ ಬಂದು ಕೇಳಿದಳು.

"ನಾನು ಕಣಜ್ಜಿ. ಪಳಪಳ ಅನ್ಲಿ ಅಂತ" ಎಂದಳು ಪುಟ್ಟಿ.

ಅಜ್ಜಿ ಬೈಯಲೇ ಇಲ್ಲ. "ಅಯ್ಯೋ ನನ್ ಬಂಗಾರಿ, ಎಣ್ಣೆಗೆ ಮಸಿ ಇಡ್ಕತದೆ ಕಣೆ" ಎಂದು ನಕ್ಕು ಅವಳನ್ನು ಪಕ್ಕಕ್ಕೆಳೆದುಕೊಂಡಳು. ನಾನಾಗಿದ್ದರೆ ಬೆನ್ನಿಗೆ ಎರಡು ಬೀಳುತ್ತಿತ್ತು.

ಗಾಜು ಉಳಿಯಿತು, ನಾನೂ ಉಳಿದೆ. ಆದರೂ ಪುಟ್ಟಿ ನನ್ನತ್ತ ನೋಡಿ ನಕ್ಕಾಗ ನಾನು ಮುಖ ತಿರುಗಿಸಿಕೊಂಡೆ.