ಉಜ್ಜಿನಿಗೆ ಹೋಗಿ ಬಂದ ದಿನ

ಕೊಟ್ರಬಸಮ್ಮನಿಗೆ, ಹಲವಾಗಲಿನಲ್ಲಿದ್ದ ಅವಳ ಅಕ್ಕ ತೀರಿಕೊಂಡ ಸುದ್ದಿಯನ್ನು ಮಗ ಗುರುಬಸವರಾಜ ಹೇಳಿದ್ದು ಸಂಜೆ, ಕಾರು ಕೊಟ್ಟೂರಿನ ಮನೆ ಮುಂದೆ ನಿಂತ ಮೇಲೆ. ಅವನಿಗೆ ಫೋನು ಬಂದದ್ದು ಬೆಳಿಗ್ಗೆ ಏಳಕ್ಕೆ. ಅಲ್ಲಿ ಮಣ್ಣು ಮಾಡಿ ಆಗಲೇ ಎರಡು ತಾಸಾಗಿತ್ತು.

“ವಾರದಿಂದ ಪ್ಲಾನ್ ಹಾಕಿದ್ದೆ ಅವ್ವಾ. ಮುಂಜಾನಿ ಉಜ್ಜಿನಿ ಮರುಳಸಿದ್ಧೇಶ್ವರನ ದರ್ಶನ, ಮಧ್ಯಾಹ್ನ ಹರಪನಹಳ್ಳ್ಯಾಗ ಊಟ. ಹೇಳಿದ್ರ ಸೂತಕ ಅಂತ ನೀ ಗುಡಿ ಹತ್ತತಿದ್ದಿಲ್ಲ.”

“ಕೊರಳಾಗ ಲಿಂಗ ಕಟ್ಟಿದವರಿಗೆ ಯಾವ ಸೂತಕಲೇ?” ಸೀಟಿನಲ್ಲಿ ಕುಳಿತೇ ಆಕೆ ಕೂಗಿದ್ದು ಓಣಿಗೆಲ್ಲ ಕೇಳಿಸಿತು. “ಹರಪನಹಳ್ಳಿಯಿಂದ ಹಲವಾಗಲು ಮುಕ್ಕಾಲು ತಾಸಿನ ದಾರಿ! ನಮ್ಮಕ್ಕ ಅಲ್ಲಿ ಹೆಣ ಆಗಿ ಕುಂತಿದ್ರ, ಇನ್ನೊಂದು ಹೋಳಿಗಿ ಹಾಕ್ಕೋ ಅವ್ವಾ ಅಂತ ನಕ್ಕೋಂತ ಉಣ್ಣಿಸಿದೆಲ್ಲೋ! ಆಕಿ ಮಾರಿ ನೋಡಿ ಹಿಡಿ ಮಣ್ಣು ಕೊಡದಂಗ ಮಾಡಿದಿ.”

ಮಗ ಇಳಿದು ಬಂದು, ಅವಳ ಕಡೆಯ ಬಾಗಿಲು ತೆರೆದು ಕೈ ಚಾಚಿದ. ಆಕೆ ಆ ಕೈ ಹಿಡಿಯಲಿಲ್ಲ. ಬಾಗಿಲನ್ನು ಎಳೆದು ಮುಚ್ಚಿಕೊಂಡಳು.

“ತಿರುಗಿಸು ಗಾಡಿ. ಆ ಮಣ್ಣು ಇನ್ನಾ ಹಸಿ ಇರತೈತಿ. ದಾರ್ಯಾಗ ಒಂದು ಮಾತೂ ಆಡಬ್ಯಾಡ.”

ಕಾರು ಹೊರಟಿತು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಸಿಟ್ಟಿಗೆ ಇನ್ನೂ ನಡುಗುತ್ತಿದ್ದ ತುಟಿಗಳಲ್ಲೇ ಆಕೆ ಬೇಡಿಕೊಂಡಳು: “ಮರುಳಸಿದ್ಧೇಶ್ವರಾ, ನಮ್ಮಕ್ಕನ ಜೀವ ನಿನ್ನ ಪಾದದಾಗ ತಣ್ಣಗಿರಲಪ್ಪಾ.”