ಮಾಕಳಿ ಬೇರು

ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೇ ತಡ, ಮಾಕಳಿ ಬೇರಿನ ಉಪ್ಪಿನಕಾಯಿಯ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ನುಗ್ಗಿತು.

"ಥೂ, ತಿಗಣೆ ಹೊಸಕಿದ ಹಾಗಿದೆ," ಎಂದು ನಾಣಿ ಮಾವ ಮೂಗು ಮುಚ್ಚಿಕೊಂಡ. "ಇದನ್ನ ಹೇಗಮ್ಮ ತಿಂತೀಯ?"

"ನೀನು ಹೊಟ್ಟೇಲಿದ್ದಾಗ ಇದನ್ನೇ ತಿಂದಿದ್ದು. ಅದಕ್ಕೇ ಹೀಗಾಗಿದೀಯ," ಎಂದು ಸೀತಾಲಕ್ಷ್ಮಿ ಅಜ್ಜಿ ಮಂಚದ ಮೇಲೆ ಒರಗಿಕೊಂಡೇ ಕೈ ಚಾಚಿದರು. ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿ ನಕ್ಕಿದ್ದು ಇದೇ ಮೊದಲು. ಇನ್ನು ಪಥ್ಯವೇನೂ ಬೇಡ, ಕೇಳಿದ್ದು ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಜ್ಜಿ ಕೇಳಿದ್ದು ಇದೊಂದನ್ನೇ.

ಮೊಮ್ಮಗಳು ಆಶ್ರಿತಾ ಮೊಸರನ್ನದ ಬಟ್ಟಲಿನ ಅಂಚಿಗೆ ಎರಡು ಹೋಳು ಹಾಕಿ ಕೊಟ್ಟಳು. ಒಂದನ್ನು ಬಾಯಿಗಿಟ್ಟು ಅಜ್ಜಿ ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, "ಎಲ್ಲಿ ಸಿಕ್ತೇ?" ಎಂದರು.

ಆಶ್ರಿತಾ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. "ಬೆಟ್ಟದ್ದು."

ಅಜ್ಜಿಯ ಕೈ ಬಟ್ಟಲಲ್ಲೇ ನಿಂತಿತು. ಆಶ್ರಿತಾ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅಜ್ಜಿಯೊಬ್ಬರ ಹತ್ತಿರವೇ. ಅವಳು ವಾರವಾರ ಹೋಗುವ ಬೆಟ್ಟದ ಒಂದು ಮಗ್ಗುಲನ್ನು ಕಲ್ಲು ಕ್ವಾರಿ ತಿಂದಿತ್ತು, ಇನ್ನೊಂದು ಮಗ್ಗುಲಿಗೆ ರೆಸಾರ್ಟ್ ಬಂದಿತ್ತು. ನಡುವಿನ ಬಂಡೆಯ ಬಿರುಕುಗಳಲ್ಲಿ ಬೆರಳಲ್ಲಿ ಎಣಿಸುವಷ್ಟು ಮಾಕಳಿ ಬಳ್ಳಿಗಳು ಉಳಿದಿದ್ದವು. ಅವುಗಳ ಬೀಜ ಕೂಡಿಸಿ ಸಸಿ ಮಾಡುವುದು, ಬೇರು ಅಗೆಯಲು ಬಂದವರನ್ನು ಕೈಮುಗಿದು ವಾಪಸು ಕಳಿಸುವುದು ಅವಳ ಕೆಲಸ. ಬೇರು ಹೋದರೆ ಬಳ್ಳಿಯೂ ಹೋಯಿತು. ಅಂಥವಳೇ ಹೋದ ವಾರ ಮೊಣಕಾಲೂರಿ, ಒಂದು ಬಳ್ಳಿಯ ಅಡ್ಡಬೇರು ಕೊಯ್ದು, ಮಣ್ಣು ಮುಚ್ಚಿ, ಕುಡಿಯಲು ಒಯ್ದಿದ್ದ ನೀರನ್ನೆಲ್ಲ ಅದರ ಬುಡಕ್ಕೆ ಸುರಿದು ಬಂದಿದ್ದಳು.

"ಬದುಕತ್ತಾ ಬಳ್ಳಿ?"

"ಗೊತ್ತಿಲ್ಲ ಅಜ್ಜಿ."

ಅಷ್ಟರಲ್ಲಿ ಮೇಲಿನ ಮನೆಯ ರಂಜನಾ ಕೈಯಲ್ಲೊಂದು ಖಾಲಿ ಡಬ್ಬಿ ಹಿಡಿದು ಒಳಗೇ ಬಂದಳು. "ಮಾಕಳಿ ಅಲ್ವಾ ಇದು! ವಾಸನೆ ಮೆಟ್ಟಿಲ ತನಕ ಬರ್ತಿದೆ. ನಮ್ಮ ಸೊಸೆ ಭವ್ಯಂಗೆ ಈಗ ಮೂರು ತಿಂಗಳು, ಬಾಯಿಗೆ ಏನೂ ಸೇರ್ತಿಲ್ಲ. ಎಲ್ಲಿ ಸಿಕ್ತು ಹೇಳಿ, ಪುಣ್ಯ ಕಟ್ಕೊಳ್ಳಿ."

"ಎಲ್ರೀ ಸಿಗತ್ತೆ? ಹಲಸೂರು, ಶಿವಾಜಿನಗರ ಎಲ್ಲಾ ಅಲೆದೆ, ಒಂದು ತುಂಡಿಲ್ಲ," ಎಂದ ನಾಣಿ ಮಾವ. "ನಮ್ಮ ಆಶ್ರಿತಾ ಬೆಟ್ಟದಿಂದಾನೇ ತಂದ್ಲು. ಬ್ಯಾಗ್ ತುಂಬ ಮಣ್ಣು! ರೆಸಾರ್ಟ್ ಬೇರೆ ಇದೆಯಂತೆ ಅಲ್ಲಿ."

"ಹೌದಾ? ಹಾಗಾದ್ರೆ ನಿಂಗೆ ತೊಂದರೆ ಬೇಡಮ್ಮ, ಯಾವ ಬೆಟ್ಟ ಅಂತ ಹೇಳ್ಬಿಡು ಸಾಕು. ಭಾನುವಾರ ಎಲ್ಲರೂ ಕಾರಲ್ಲಿ ಹೋಗಿ, ಒಂದಿನ ಇದ್ದು, ನಾವೇ ಕಿತ್ಕೊಂಡು ಬರ್ತೀವಿ. ನಮ್ ನಾದಿನೀನೂ ಕೇಳ್ತಿದ್ಲು."

"ಬೆಟ್ಟದ್ದಲ್ಲ ಆಂಟಿ," ಆಶ್ರಿತಾ ಹೇಗೋ ಹೇಳಿದಳು. "ಅಂಗಡೀದು."

"ಯಾವ ಅಂಗಡಿ?"

"ಅದೇ... ಮಾರ್ಕೆಟ್ ಹತ್ರ, ಆ ಮೂಲೇಲಿ..."

"ಸುಳ್ಳು ಹೇಳೋಕೂ ಬರಲ್ಲ ಇದಕ್ಕೆ," ನಾಣಿ ಮಾವ ನಕ್ಕ. "ಬೆಟ್ಟದ ಹೆಸರು ನಾನು ಹೇಳ್ತೀನಿ ಕೇಳಿ ರಂಜನಾ ಅವ್ರೇ..."

ಬಟ್ಟಲು ಠಣ್ಣೆಂದು ಸ್ಟೂಲಿಗೆ ಬಡಿಯಿತು.

"ಮಾಕಳಿಯಂತೆ ಮಾಕಳಿ!" ಅಜ್ಜಿ ಗದರಿದರು. "ನಾಲಿಗೆ ಸತ್ತಿದೆ, ಮುದುಕಿ ಏನು ಕೊಟ್ರೂ ತಿಂತಾಳೆ ಅಂದ್ಕೊಂಡ್ರಾ? ಯಾವುದೋ ಕಾಡುಬೇರು ಇದು. ಪಾಪ, ಈ ಹುಡುಗಿ ಗೊತ್ತಾಗದೆ ತಂದಿದೆ. ನನಗೇ ಬಾಯೆಲ್ಲ ಕಹಿ. ಬಸುರಿಗೆ ಕೊಟ್ಟೀಯ ಮತ್ತೆ, ರಂಜನಾ!"

"ಅಯ್ಯಯ್ಯೋ, ಬೇಡಪ್ಪ," ಎಂದು ರಂಜನಾ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡು ಹೊರಟಳು. ನಾಣಿ ಮಾವ ಏನೋ ಗೊಣಗುತ್ತ ಅವಳ ಹಿಂದೆಯೇ ಬಾಗಿಲ ತನಕ ಹೋದ.

"ತೊಗೊಂಡ್ ಹೋಗೇ ಇದನ್ನ," ಅಜ್ಜಿ ಬಟ್ಟಲನ್ನು ದೂರ ತಳ್ಳಿದರು. "ಆ ಜಾಡೀನೂ ಒಳಗೆ ಎತ್ತಿಟ್ಬಿಡು. ಇನ್ನು ತೆಗೀಬೇಡ."

ಹಾಗೆಂದು ಗೋಡೆಯ ಕಡೆ ಹೊರಳಿದರು. ಬಟ್ಟಲೆತ್ತಿಕೊಳ್ಳಲು ಬಗ್ಗಿದ ಆಶ್ರಿತಾಗೆ ಅಜ್ಜಿಯ ಒಂದು ಕೆನ್ನೆ ಸಣ್ಣಗೆ ಉಬ್ಬಿದ್ದು ಕಂಡಿತು. ಬಾಯೊಳಗಿನ ಹೋಳನ್ನು ಅಜ್ಜಿ ಉಗಿದಿರಲಿಲ್ಲ, ನುಂಗಿಯೂ ಇರಲಿಲ್ಲ.