ಟಗರು ಗುದ್ದಿದ ಮಧ್ಯಾಹ್ನ

ಎಣ್ಣೆಯಲ್ಲಿ ಕಾಯಿಸಿದ ಅರಿಷಿಣದ ವಾಸನೆ ಬಂದರೆ ಈಗಲೂ ನನಗೆ ಮಸೂತಿ ಊರಿನ ನಮ್ಮ ಮನೆಯ ಅಂಗಳ ಕಾಣುತ್ತದೆ.

ಅಂದು ಪಕ್ಕದ ಮನೆಯ ಬಸುರಿ ಸೊಸೆಗೆ ಕುಬಸದ ಕಾರ್ಯ. ನಮ್ಮ ಚಿಗವ್ವ ಇಳಕಲ್ಲ ಸೀರೆ ಉಟ್ಟು, ಆರತಿ ತಾಟು ಹಿಡಿದು ಅಂಗಳಕ್ಕಿಳಿದಳು. ಹಗ್ಗ ಹರಿದುಕೊಂಡ ಟಗರು ಓಡಿಬಂದು ಅವಳಿಗೆ ಗುದ್ದಿತು. ಬಿದ್ದವಳು ನಗುತ್ತಲೇ ಎದ್ದು, ಮಣ್ಣು ಝಾಡಿಸಿಕೊಂಡು ತಾಟು ಎತ್ತಿಕೊಂಡಳು.

ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ ದನಿ ಏರಿಸಲಿಲ್ಲ.

"ತಾಟ ಇತ್ತ ಕೊಡವಾ. ಇನ್ನಾ ಕೂಸಿಲ್ಲದಾಕಿ ಆರತಿ ಹಿಡದ್ರ ಮಂದಿ ಏನಂದಾರು?"

ಚಿಗವ್ವ ಗೋಡೆ ಹಿಡಿದು ಕುಸಿದಳು.

ನಾನು ಒಳಗೋಡಿ, ಅವ್ವನ ಕೈಲಿ ಅರಿಷಿಣ ಕಾಯಿಸಿಕೊಂಡು ಬಟ್ಟಲಲ್ಲಿ ತಂದೆ. ಚಿಗವ್ವನ ಮೊಣಕೈ, ಮೊಣಕಾಲು ಎಲ್ಲ ನೋಡಿದೆ. ಎಲ್ಲೂ ತರಚಿರಲಿಲ್ಲ.

"ಎಲ್ಲಿ ಹಚ್ಚಲಿ, ಚಿಗವ್ವಾ?"

ಅವಳು ಬಟ್ಟಲು ಇಸಿದುಕೊಂಡು, ಬಿಸಿ ಆರುವತನಕ ಅದನ್ನು ಉಡಿಯಲ್ಲೇ ಇಟ್ಟುಕೊಂಡು ಕೂತಳು.